ಡೆಕಾಥ್ಲಾನ್: ಕರ್ನಾಟಕದಲ್ಲೊಂದು ಕ್ರೀಡಾ ಮಳಿಗೆ ಸರಣಿ ಮತ್ತು ಸಕಲೇಶಪುರ–ಆಲೂರು ಬೆಟ್ಟಸೀಮೆ

ಡೆಕಾಥ್ಲಾನ್ ಫ್ರಾನ್ಸ್ ಮೂಲದ ಸಂಸ್ಥೆ. ಕ್ರೀಡಾ ಸಾಮಗ್ರಿಗಳನ್ನು ತಾನೇ ವಿನ್ಯಾಸಗೊಳಿಸಿ, ತಯಾರಿಸಿ, ತನ್ನದೇ ಮಳಿಗೆಗಳಲ್ಲಿ ಮಾರುತ್ತದೆ. 1976ರಲ್ಲಿ ಉತ್ತರ ಫ್ರಾನ್ಸಿನ ಲಿಲ್ ನಗರದ ಬಳಿ ಆರಂಭವಾದ ಈ ಸರಣಿಯ ಮೊದಲ ಭಾರತೀಯ ಮಳಿಗೆ 2009ರಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ತೆರೆಯಿತು. ಭಾರತೀಯ ಘಟಕದ ಕೇಂದ್ರ ಕಚೇರಿಯೂ ಬೆಂಗಳೂರಿನಲ್ಲೇ ಇದೆ. ಹೀಗಾಗಿ ಭಾರತದಲ್ಲಿ ಈ ಸಂಸ್ಥೆಯ ಚರಿತ್ರೆ ಬಹುಮಟ್ಟಿಗೆ ಕರ್ನಾಟಕದಲ್ಲಿ ನಡೆದ ಚರಿತ್ರೆ. ಬೆಂಗಳೂರಿನಲ್ಲಿ ಕೊಂಡ ಚಾರಣದ ಚೀಲ, ಬೂಟು, ಮಳೆ ಅಂಗಿ, ಗುಡಾರಗಳು ಹೆಚ್ಚಾಗಿ ಬಳಕೆಯಾಗುವುದು ಪಶ್ಚಿಮಘಟ್ಟದಲ್ಲಿ. ಬೆಂಗಳೂರಿನಿಂದ ಸುಮಾರು 220 ಕಿ.ಮೀ. ದೂರದ ಸಕಲೇಶಪುರ ಮತ್ತು ಅದರ ಪೂರ್ವಕ್ಕಿರುವ ಆಲೂರು ತಾಲ್ಲೂಕಿನ ಬೆಟ್ಟಸೀಮೆ ಅಂಥ ಬಳಕೆಯ ಮುಖ್ಯ ನೆಲೆಗಳಲ್ಲಿ ಒಂದು. ಈ ಲೇಖನ ಸರಣಿಯ ಹುಟ್ಟು, ಭಾರತ ಪ್ರವೇಶ, ಕರ್ನಾಟಕದ ಬೆಳವಣಿಗೆಗಳನ್ನು ವಿವರಿಸಿ, ಅದರ ಸಾಮಗ್ರಿಗಳು ಮಲೆನಾಡಿನ ಮಳೆ, ಕಾಡು, ಜನಜೀವನಗಳನ್ನು ಎದುರುಗೊಂಡ ಬಗೆಯನ್ನು ಪರಿಶೀಲಿಸುತ್ತದೆ.

ಹಿನ್ನೆಲೆ

ಭಾರತದಲ್ಲಿ ಕ್ರೀಡಾ ಸಾಮಗ್ರಿಗಳ ತಯಾರಿಕೆ ಬಹುಕಾಲ ಸಿಯಾಲ್‌ಕೋಟ್ ನಗರವನ್ನು ಅವಲಂಬಿಸಿತ್ತು. 1947ರ ದೇಶವಿಭಜನೆಯಲ್ಲಿ ಆ ನಗರ ಪಾಕಿಸ್ತಾನಕ್ಕೆ ಸೇರಿತು. ಅಲ್ಲಿನ ಅನೇಕ ಕುಶಲಕರ್ಮಿಗಳು, ವರ್ತಕರು ಪಂಜಾಬಿನ ಜಲಂಧರ್ ಮತ್ತು ಉತ್ತರ ಪ್ರದೇಶದ ಮೀರತ್‌ಗಳಲ್ಲಿ ನೆಲೆಯೂರಿದರು. ಕ್ರಿಕೆಟ್ ಬ್ಯಾಟು, ಹಾಕಿ ಕೋಲು, ಫುಟ್‌ಬಾಲ್, ಕೇರಂ ಬೋರ್ಡುಗಳು ಈ ಎರಡು ಊರುಗಳಿಂದಲೇ ದೇಶದ ಉದ್ದಗಲಕ್ಕೆ ಹೋಗುತ್ತಿದ್ದವು. ಕರ್ನಾಟಕದ ಜಿಲ್ಲಾ ಕೇಂದ್ರಗಳಲ್ಲಿ ‘ಸ್ಪೋರ್ಟ್ಸ್ ಅಂಗಡಿ’ ಎಂದು ಕರೆಸಿಕೊಂಡ ಮಳಿಗೆಗಳಿಗೆ ಶಾಲೆ, ಕಾಲೇಜು, ಯುವಕ ಸಂಘಗಳೇ ದೊಡ್ಡ ಗಿರಾಕಿಗಳು. ವಾಲಿಬಾಲ್, ನೆಟ್ಟು, ಷಟಲ್ ಕಾಕು, ಪಂದ್ಯಾವಳಿಯ ಕಪ್ಪು, ಶೀಲ್ಡುಗಳ ಮಾರಾಟ ಇವುಗಳ ಬಂಡವಾಳ. ಸಾಮಾನು ಗಾಜಿನ ಕಪಾಟಿನೊಳಗಿರುತ್ತಿತ್ತು. ಕೇಳಿದರೆ ಅಂಗಡಿಯವರು ತೆಗೆದು ತೋರಿಸುತ್ತಿದ್ದರು.

ಈ ಅಂಗಡಿಗಳಲ್ಲಿ ಚಾರಣ, ಗುಡ್ಡ ಹತ್ತುವಿಕೆ, ಬಯಲು ವಾಸ್ತವ್ಯಕ್ಕೆ ಬೇಕಾದ ಸಾಮಗ್ರಿ ಸಿಗುತ್ತಿರಲಿಲ್ಲ. ಪರ್ವತಾರೋಹಣ ಸಂಘಗಳು, ಯೂತ್ ಹಾಸ್ಟೆಲ್ಸ್ ಸಂಸ್ಥೆ, ಎನ್‌ಸಿಸಿ, ಬೆಂಗಳೂರಿನ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಸಂಸ್ಥೆಗಳ ಶಿಬಿರಕ್ಕೆ ಸೇರಿದವರಿಗೆ ಹಗ್ಗ, ಗುಡಾರ, ಮಲಗುವ ಚೀಲಗಳು ಎರವಲಾಗಿ ದೊರೆಯುತ್ತಿದ್ದವು. ಉಳಿದವರು ಸೈನ್ಯದ ಹಳೆಯ ಸಾಮಾನು ಮಾರುವ ಅಂಗಡಿಗಳ ಕ್ಯಾನ್ವಾಸ್ ಚೀಲವನ್ನೋ, ಪಿ.ಟಿ. ತರಗತಿಯ ಬಿಳಿ ಬೂಟನ್ನೋ ನೆಚ್ಚಿಕೊಳ್ಳಬೇಕಿತ್ತು. ಸಂಬಳದಾರ ಕುಟುಂಬವೊಂದು ಅಂಗಡಿಗೆ ಹೋಗಿ ಒಂದು ಗುಡಾರ ಕೊಂಡು ಬರುವುದು ಆ ಕಾಲದಲ್ಲಿ ಊಹೆಗೆ ಬರುವ ಮಾತಾಗಿರಲಿಲ್ಲ.

ಸ್ಥಾಪನೆ ಮತ್ತು ಬೆಳವಣಿಗೆ

ಮಿಶೆಲ್ ಲೆಕ್ಲೆರ್ಕ್ 1976ರಲ್ಲಿ ಲಿಲ್ ಬಳಿಯ ಆಂಗ್ಲೋಸ್ ಎಂಬಲ್ಲಿ ಮೊದಲ ಮಳಿಗೆ ತೆರೆದರು. ಓಶಾಂ ಮಹಾಮಳಿಗೆಗಳನ್ನು ಕಟ್ಟಿದ ಮುಲಿಯೆ ಕುಟುಂಬಕ್ಕೆ ಅವರು ಬಂಧು. ಎಲ್ಲ ಕ್ರೀಡೆಗಳ ಸಾಮಗ್ರಿ ಒಂದೇ ಸೂರಿನಡಿ, ಸ್ವಯಂಸೇವೆಯಲ್ಲಿ, ಕಡಿಮೆ ಬೆಲೆಗೆ ಸಿಗಬೇಕೆಂಬುದು ಅವರ ಯೋಜನೆ. ದಿನಸಿಯ ಸೂಪರ್ ಮಾರ್ಕೆಟ್ಟಿನ ಪದ್ಧತಿಯನ್ನು ಕ್ರೀಡೆಗೆ ಅನ್ವಯಿಸಿದ್ದು ಅದರ ಹೊಸತನ.

1986 ಎರಡು ಕಾರಣಗಳಿಗೆ ಮುಖ್ಯ ವರ್ಷ. ಆ ವರ್ಷ ಸಂಸ್ಥೆ ಜರ್ಮನಿಯಲ್ಲಿ ತನ್ನ ಮೊದಲ ಹೊರದೇಶದ ಮಳಿಗೆ ತೆರೆಯಿತು. ಬೇರೆಯವರ ಸರಕನ್ನು ಮಾರುವುದರ ಜೊತೆಗೆ ತನ್ನದೇ ಸರಕಿನ ತಯಾರಿಕೆಗೂ ಅದೇ ವರ್ಷ ಇಳಿಯಿತು, ಆರಂಭ ಸೈಕಲ್ಲಿನಿಂದ. 1990ರ ದಶಕದ ಉತ್ತರಾರ್ಧದಲ್ಲಿ ಒಂದೊಂದು ಕ್ರೀಡೆಗೆ ಒಂದೊಂದು ಬ್ರಾಂಡ್ ಎಂಬ ಕ್ರಮ ಬಂತು. ಬೆಟ್ಟದ ನಡಿಗೆಗೆ ಕೆಚುವಾ, ನೀರಿನ ಕ್ರೀಡೆಗಳಿಗೆ ಟ್ರಿಬೋರ್ಡ್ ಮೊದಲು ಬಂದವು. ಮುಂದೆ ಓಟಕ್ಕೆ ಕಲೆಂಜಿ, ವ್ಯಾಯಾಮಕ್ಕೆ ಡೊಮಿಯೋಸ್, ಈಜಿಗೆ ನಬೈಜಿ, ತಂಡದ ಆಟಗಳಿಗೆ ಕಿಪ್‌ಸ್ಟಾ, ಸೈಕಲ್ಲಿಗೆ ಬಿಟ್ವಿನ್ ಸೇರಿದವು. ಕೆಚುವಾದ ವಿನ್ಯಾಸ ಕೇಂದ್ರವನ್ನು ಆಲ್ಪ್ಸ್ ಪರ್ವತಶ್ರೇಣಿಯ ಮೋಂ ಬ್ಲಾಂ ತಪ್ಪಲಿನಲ್ಲೇ ಸ್ಥಾಪಿಸಲಾಯಿತು. ವಿನ್ಯಾಸಗಾರರು ಬೆಳಿಗ್ಗೆ ರೂಪಿಸಿದ್ದನ್ನು ಸಂಜೆಗೆ ಬೆಟ್ಟದಲ್ಲಿ ಹೊತ್ತು ನೋಡಬಹುದಾದ ಜಾಗ ಅದು.

2005ರಲ್ಲಿ ಕೆಚುವಾ ಹೊರತಂದ ‘2 ಸೆಕೆಂಡ್ಸ್’ ಗುಡಾರ ಸಂಸ್ಥೆಯ ಅತಿ ಪ್ರಸಿದ್ಧ ಉತ್ಪನ್ನ. ಬಟ್ಟೆಯೊಳಗೆ ಬಳೆಯಾಕಾರದಲ್ಲಿ ಬಾಗಿಸಿಟ್ಟ ಕಮಾನುಗಳಿರುತ್ತವೆ. ಪಟ್ಟಿ ಬಿಚ್ಚಿ ಗಾಳಿಗೆಸೆದರೆ ಕಮಾನುಗಳು ತಾವಾಗಿ ಅರಳಿ ಗುಡಾರ ನಿಲ್ಲುತ್ತದೆ. ಉಳಿಯುವ ಕೆಲಸ ಗೂಟ ಹೊಡೆಯುವುದು ಮಾತ್ರ. ಮಡಚುವುದಕ್ಕೆ ಒಂದಿಷ್ಟು ಅಭ್ಯಾಸ ಬೇಕು. ಗುಡಾರ ಕಟ್ಟುವ ಪಾಠವಿಲ್ಲದವರನ್ನೂ ಬಯಲಿನಲ್ಲಿ ಮಲಗುವಂತೆ ಮಾಡಿದ್ದು ಈ ವಸ್ತುವಿನ ಹೆಗ್ಗಳಿಕೆ. 2014ರಲ್ಲಿ ಬಂದ ಪೂರ್ಣಮುಖದ ಈಜು ಮುಖವಾಡ ‘ಈಸಿಬ್ರೆತ್’ ಇಂಥ ಇನ್ನೊಂದು ಉತ್ಪನ್ನ. 2020ರ ಕೊರೋನಾ ಸಂಕಟದ ಮೊದಲ ವಾರಗಳಲ್ಲಿ ಇಟಲಿಯ ತಂತ್ರಜ್ಞರು ಅದನ್ನೇ ತುರ್ತು ಉಸಿರಾಟದ ಮುಖವಾಡವಾಗಿ ಮಾರ್ಪಡಿಸಿ ಆಸ್ಪತ್ರೆಗೆ ಕೊಟ್ಟರು.

2024ರಲ್ಲಿ ಸಂಸ್ಥೆ ಹೊಸ ಲಾಂಛನ ತಂದು, ಹತ್ತಾರು ಬ್ರಾಂಡ್‌ಗಳನ್ನು ಕೆಲವೇ ಹೆಸರುಗಳಡಿ ಒಗ್ಗೂಡಿಸಿತು. ಬೆಟ್ಟ ಮತ್ತು ಬಯಲಿನ ಸಾಮಗ್ರಿಗೆ ಕೆಚುವಾ ಹೆಸರು ಉಳಿಯಿತು.

ಭಾರತ ಪ್ರವೇಶ: ಸಗಟಿನಿಂದ ಚಿಲ್ಲರೆಗೆ

ಡೆಕಾಥ್ಲಾನ್ ಭಾರತಕ್ಕೆ ಮೊದಲು ಬಂದದ್ದು ಮಾರುವುದಕ್ಕಲ್ಲ, ಕೊಳ್ಳುವುದಕ್ಕೆ. 2000ದ ಆಸುಪಾಸಿನಲ್ಲಿ ಇಲ್ಲಿನ ಕಾರ್ಖಾನೆಗಳಿಂದ ಉಡುಪು ಮತ್ತಿತರ ಸರಕು ತಯಾರಿಸಿಕೊಂಡು ಹೊರದೇಶದ ಮಳಿಗೆಗಳಿಗೆ ಕಳಿಸಲು ಆರಂಭಿಸಿತು. ಮಳಿಗೆ ತೆರೆಯಲು ಮಾತ್ರ ದೇಶದ ಕಾನೂನು ಅಡ್ಡವಾಗಿತ್ತು. ಚಿಲ್ಲರೆ ವ್ಯಾಪಾರದಲ್ಲಿ ವಿದೇಶಿ ಬಂಡವಾಳಕ್ಕೆ ಆಗ ಬಿಗಿಯಾದ ಮಿತಿಗಳಿದ್ದವು. 2006ರಲ್ಲಿ ಏಕ ಬ್ರಾಂಡ್ ಚಿಲ್ಲರೆ ವ್ಯಾಪಾರಕ್ಕೆ ಶೇ 51ರಷ್ಟು ವಿದೇಶಿ ಬಂಡವಾಳ ಬರಬಹುದೆಂದಾಯಿತು. ಪೂರ್ಣ ಒಡೆತನ ಬೇಕಿದ್ದವರಿಗೆ ಸಗಟು ವ್ಯಾಪಾರವೊಂದೇ ದಾರಿ.

ಆ ದಾರಿಯಲ್ಲೇ 2009ರ ಸರ್ಜಾಪುರ ರಸ್ತೆಯ ಮಳಿಗೆ ‘ಕ್ಯಾಶ್ ಅಂಡ್ ಕ್ಯಾರಿ’ ಸಗಟು ಮಳಿಗೆಯಾಗಿ ತೆರೆಯಿತು. ಅದರ ಬಾಗಿಲು ಶಾಲೆ, ಕ್ಲಬ್, ಜಿಮ್, ಕಂಪನಿ, ವರ್ತಕರಂಥ ಸದಸ್ಯರಿಗೆ ತೆರೆದಿತ್ತು. ಬೀದಿಯಲ್ಲಿ ಹೋಗುವ ಯಾರು ಬೇಕಾದರೂ ಕೊಳ್ಳುವ ಅಂಗಡಿ ಅದಾಗಿರಲಿಲ್ಲ. 2012ರ ಜನವರಿಯಲ್ಲಿ ಕೇಂದ್ರ ಸರ್ಕಾರ ಏಕ ಬ್ರಾಂಡ್ ಚಿಲ್ಲರೆ ವ್ಯಾಪಾರಕ್ಕೆ ಶೇ 100ರಷ್ಟು ವಿದೇಶಿ ಬಂಡವಾಳವನ್ನು ಒಪ್ಪಿತು. ವಿದೇಶಿ ಪಾಲು ಶೇ 51 ಮೀರಿದರೆ ಸರಕಿನ ಮೌಲ್ಯದಲ್ಲಿ ಶೇ 30ರಷ್ಟನ್ನು ಭಾರತದಲ್ಲೇ ಕೊಳ್ಳಬೇಕೆಂಬುದು ಷರತ್ತು. ಇಲ್ಲಿ ಮೊದಲೇ ತಯಾರಿಕೆಯ ಜಾಲ ಕಟ್ಟಿಕೊಂಡಿದ್ದ ಡೆಕಾಥ್ಲಾನ್‌ಗೆ ಈ ಷರತ್ತು ಅನೇಕ ವಿದೇಶಿ ಸಂಸ್ಥೆಗಳಿಗೆ ಆದಷ್ಟು ಭಾರವಾಗಲಿಲ್ಲ. ಸುಮಾರು 700 ಕೋಟಿ ರೂಪಾಯಿ ಹೂಡಿಕೆಯ ಅದರ ಪ್ರಸ್ತಾವಕ್ಕೆ 2013ರ ಆರಂಭದಲ್ಲಿ ಒಪ್ಪಿಗೆ ದೊರೆತು, ಮಳಿಗೆಗಳು ಸಾರ್ವಜನಿಕರಿಗೆ ತೆರೆದುಕೊಂಡವು. 2018ರಲ್ಲಿ ಏಕ ಬ್ರಾಂಡ್ ಹೂಡಿಕೆಗೆ ಮುನ್ನೊಪ್ಪಿಗೆಯ ಅಗತ್ಯ ಹೋಯಿತು. 2019ರಲ್ಲಿ ದೇಶೀಯ ಖರೀದಿಯ ಲೆಕ್ಕಾಚಾರದ ನಿಯಮವೂ ಸಡಿಲವಾಯಿತು.

ವ್ಯಾಪಾರ ಬೇಗ ಬೆಳೆಯಿತು. ಭಾರತೀಯ ಘಟಕದ ವರಮಾನ 2021–22ರಲ್ಲಿ 2,936 ಕೋಟಿ ರೂಪಾಯಿ ಇದ್ದದ್ದು 2022–23ರಲ್ಲಿ 3,955 ಕೋಟಿಗೆ ಏರಿತು. ಕೊರೋನಾ ಬಳಿಕ ಓಟ, ಸೈಕಲ್, ಮನೆಯ ವ್ಯಾಯಾಮ, ಚಾರಣಗಳತ್ತ ನಗರದ ಜನ ಹೊರಳಿದ್ದು ಈ ಏರಿಕೆಯ ಹಿಂದಿನ ದೊಡ್ಡ ಕಾರಣ. 2025ರಲ್ಲಿ ಸಂಸ್ಥೆ ಭಾರತದ 55 ನಗರಗಳಲ್ಲಿ 132 ಮಳಿಗೆಗಳನ್ನು ಹೊಂದಿತ್ತು. ಭಾರತದಿಂದ ಮಾಡುವ ಖರೀದಿಯನ್ನು 2030ರ ಹೊತ್ತಿಗೆ 300 ಕೋಟಿ ಡಾಲರ್‌ಗೆ ಏರಿಸುವುದಾಗಿಯೂ ಅದೇ ವರ್ಷ ಪ್ರಕಟಿಸಿತು.

ಕರ್ನಾಟಕದ ಮಳಿಗೆಗಳು ಮತ್ತು ಮಾರಾಟದ ಕ್ರಮ

ರಾಜ್ಯದಲ್ಲಿ ಸರಣಿಯ ಮಳಿಗೆಗಳು ಬೆಂಗಳೂರಿನಲ್ಲಿ ದಟ್ಟವಾಗಿವೆ. ಮೈಸೂರು, ಮಂಗಳೂರು, ಹುಬ್ಬಳ್ಳಿಗಳಿಗೂ ವಿಸ್ತರಿಸಿವೆ. ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಡೆಗೆ ಹೋಗುವಾಗ ಚಿಕ್ಕಜಾಲದ ಬಳಿ ಸಿಗುವ ‘ಅನುಭವ’ ಮಳಿಗೆ ಆಟದ ಅಂಕಣಗಳ ಸಮೇತ ವಿಶಾಲ ಜಾಗದಲ್ಲಿದೆ.

ಸರಣಿಯ ಮಾರಾಟ ಕ್ರಮ ಹಳೆಯ ಸ್ಪೋರ್ಟ್ಸ್ ಅಂಗಡಿಗಿಂತ ಮೂರು ವಿಷಯಗಳಲ್ಲಿ ಬೇರೆ. ಮೊದಲನೆಯದು, ಮುಟ್ಟಿ ಆಡಿ ನೋಡುವ ಸ್ವಾತಂತ್ರ್ಯ. ಮಕ್ಕಳು ಸಾಲುಗಳ ನಡುವೆ ಸೈಕಲ್ ತುಳಿಯುತ್ತಾರೆ, ಟೇಬಲ್ ಟೆನಿಸ್ ಆಡುತ್ತಾರೆ. ಹಿರಿಯರು ಬೆನ್ನಿಗೆ ಚೀಲವೇರಿಸಿ, ಪಟ್ಟಿ ಬಿಗಿದು ನಾಲ್ಕು ಹೆಜ್ಜೆ ನಡೆದು ನೋಡುತ್ತಾರೆ. ಎರಡನೆಯದು, ಒಂದೊಂದು ವಿಭಾಗದಲ್ಲೂ ಆ ಕ್ರೀಡೆಯನ್ನು ಸ್ವತಃ ಆಡುವ ಸಿಬ್ಬಂದಿಯನ್ನು ನಿಲ್ಲಿಸುವ ರೂಢಿ. ಮೂರನೆಯದು, ರೇಡಿಯೊ ತರಂಗದ ಚಿಕ್ಕ ಗುರುತುಚೀಟಿ. ಪ್ರತಿ ಸರಕಿನ ಬೆಲೆಚೀಟಿಯೊಳಗೆ ಇದು ಅಡಗಿರುತ್ತದೆ. ಸ್ವಯಂ ಬಿಲ್ಲಿಂಗ್ ಕಟ್ಟೆಯ ತೊಟ್ಟಿಗೆ ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಒಂದೊಂದನ್ನೂ ಬೇರೆಯಾಗಿ ತೋರಿಸದೆಯೇ ಪಟ್ಟಿ ಪರದೆಯ ಮೇಲೆ ಮೂಡುತ್ತದೆ. ದಾಸ್ತಾನಿನ ಎಣಿಕೆಯೂ ಇದರಿಂದಲೇ ಸುಲಭ.

ಇಷ್ಟಾದರೂ ಸರಣಿಯ ಯಶಸ್ಸಿನ ಬೇರು ಬೆಲೆಯಲ್ಲಿದೆ. ವಿನ್ಯಾಸ, ತಯಾರಿಕೆ, ಸಾಗಣೆ, ಮಾರಾಟ ನಾಲ್ಕೂ ಒಂದೇ ಕೈಯಲ್ಲಿರುವುದರಿಂದ ನಡುವಿನ ದಲ್ಲಾಳಿಯ ಪಾಲು ಇಲ್ಲ. ಆಟಗಾರರನ್ನು ಮುಂದಿಟ್ಟು ಮಾಡುವ ದುಬಾರಿ ಜಾಹೀರಾತಿನ ಹೊರೆಯೂ ಕಡಿಮೆ. ಪ್ರತಿ ಕ್ರೀಡೆಯಲ್ಲೂ ಹೊಸಬರಿಗಾಗಿ ತೀರ ಅಗ್ಗದ ಒಂದು ಶ್ರೇಣಿ ಇರಲೇಬೇಕೆಂಬ ನಿಯಮವನ್ನು ಸಂಸ್ಥೆ ಪಾಲಿಸುತ್ತ ಬಂದಿದೆ. ಕಾಲೇಜು ವಿದ್ಯಾರ್ಥಿಗಳ ಬೆನ್ನ ಮೇಲೆ ಕಾಣುವ ಹತ್ತು ಲೀಟರಿನ ಪುಟ್ಟ ಚೀಲ ಆ ನಿಯಮದ ಫಲ.

ಬೆಂಗಳೂರಿನ ಮತ್ತೊಂದು ಸರಣಿ: ವೈಲ್ಡ್‌ಕ್ರಾಫ್ಟ್

ಡೆಕಾಥ್ಲಾನ್ ಬರುವ ಮೊದಲೇ ಕರ್ನಾಟಕದಲ್ಲಿ ಚಾರಣ ಸಾಮಗ್ರಿಯ ಸ್ವದೇಶಿ ಪ್ರಯತ್ನವೊಂದು ನಡೆದಿತ್ತೆಂಬುದನ್ನು ಇಲ್ಲಿ ದಾಖಲಿಸಬೇಕು. ಬೆಂಗಳೂರಿನ ಪರ್ವತಾರೋಹಿ ಎಂಜಿನಿಯರ್ ದಿನೇಶ್ ಕೆ.ಎಸ್. ತಮ್ಮ ಮತ್ತು ಗೆಳೆಯರ ಬಳಕೆಗೆ ಗುಮ್ಮಟದಾಕಾರದ ಗುಡಾರ ರೂಪಿಸಿದ್ದು ವೈಲ್ಡ್‌ಕ್ರಾಫ್ಟ್‌ನ ಮೂಲ. 1998ರಲ್ಲಿ ಅದು ಸಂಸ್ಥೆಯ ರೂಪ ಪಡೆಯಿತು. ಬಳಿಕ ಗೌರವ್ ದುಬ್ಲಿಶ್ ಮತ್ತು ಸಿದ್ಧಾರ್ಥ್ ಸೂದ್ ಅದರ ಚುಕ್ಕಾಣಿ ಹಿಡಿದು ಬೆನ್ನುಚೀಲ, ಪಾದರಕ್ಷೆ, ಮಳೆ ಅಂಗಿಗಳತ್ತ ವ್ಯಾಪಾರವನ್ನು ವಿಸ್ತರಿಸಿ, ಸ್ವಂತ ಮಳಿಗೆಗಳ ಸರಣಿ ಕಟ್ಟಿದರು. 2013ರಲ್ಲಿ ಸಿಕೋಯಾ ಕ್ಯಾಪಿಟಲ್ ಅದರಲ್ಲಿ ಬಂಡವಾಳ ತೊಡಗಿಸಿತು. 2020ರಲ್ಲಿ ಅದರ ಹೊಲಿಗೆ ಘಟಕಗಳು ಮುಖಗವಸು ಮತ್ತು ವೈದ್ಯಕೀಯ ರಕ್ಷಾಕವಚಗಳ ತಯಾರಿಕೆಗೆ ತಿರುಗಿದವು.

ಎರಡು ಸರಣಿಗಳ ದಾರಿ ಬೇರೆ. ವೈಲ್ಡ್‌ಕ್ರಾಫ್ಟ್ ಗುಡ್ಡ ಹತ್ತುವವರ ಅಗತ್ಯದಿಂದ ಹುಟ್ಟಿ, ಶಾಲೆ–ಕಚೇರಿಯ ಚೀಲಗಳ ದೊಡ್ಡ ಮಾರುಕಟ್ಟೆಗೆ ಬಂತು. ಡೆಕಾಥ್ಲಾನ್ ದೊಡ್ಡ ಮಾರುಕಟ್ಟೆಯನ್ನೇ ಗುರಿಯಾಗಿಸಿ ಬಂದು, ಅದರಲ್ಲೊಂದು ಪಾಲನ್ನು ಗುಡ್ಡಕ್ಕೆ ಕಳಿಸಿತು. ಬೆಂಗಳೂರಿನ ಜವಳಿ ಕೌಶಲ, ಮಾಹಿತಿ ತಂತ್ರಜ್ಞಾನದ ಸಂಬಳ, ವಾರಾಂತ್ಯದ ಎರಡು ದಿನದ ಬಿಡುವು, ರಾತ್ರಿ ಬಸ್ಸು ಹತ್ತಿದರೆ ಬೆಳಗಿಗೆ ತಲುಪುವಷ್ಟು ಹತ್ತಿರದ ಪಶ್ಚಿಮಘಟ್ಟ: ಇವೆಲ್ಲ ಒಂದೆಡೆ ಸೇರಿದ್ದರಿಂದಲೇ ಎರಡಕ್ಕೂ ಈ ನಗರ ನೆಲೆಯಾಯಿತು.

ಸಕಲೇಶಪುರ–ಆಲೂರು ಬೆಟ್ಟಸೀಮೆ

ಸಕಲೇಶಪುರ ಹೇಮಾವತಿ ನದಿಯ ದಡದಲ್ಲಿ, ಸಮುದ್ರಮಟ್ಟದಿಂದ 900 ಮೀಟರಿಗೂ ಮಿಕ್ಕ ಎತ್ತರದಲ್ಲಿರುವ ಪಟ್ಟಣ. ತಾಲ್ಲೂಕಿನ ಹಳೆಯ ಹೆಸರು ಮಂಜರಾಬಾದ್. ಪಟ್ಟಣದ ಹತ್ತಿರದ ಗುಡ್ಡದ ಮೇಲೆ ಟಿಪ್ಪು ಸುಲ್ತಾನ್ ಕಟ್ಟಿಸಿ 1792ರಲ್ಲಿ ಪೂರ್ಣಗೊಂಡ ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆಯಿದೆ. ಫ್ರೆಂಚ್ ಸೇನಾ ಎಂಜಿನಿಯರ್ ವೋಬಾನ್‌ನ ಪದ್ಧತಿ ಅದರ ವಿನ್ಯಾಸದಲ್ಲಿ ಕಾಣುತ್ತದೆ. ಪಶ್ಚಿಮಕ್ಕೆ ಶಿರಾಡಿ ಘಾಟಿ ಇಳಿಯುತ್ತದೆ. ದಕ್ಷಿಣದಲ್ಲಿ ಹೆತ್ತೂರು ಸೀಮೆ ದಾಟಿದರೆ ಬಿಸಿಲೆ ಕಾಡು. ಅಲ್ಲಿನ ನೋಟತಾಣದಿಂದ 1,712 ಮೀಟರ್ ಎತ್ತರದ ಪುಷ್ಪಗಿರಿ ಕಾಣುತ್ತದೆ. ಬಿಸಿಲೆ ದಾರಿಯ ಮಂಕನಹಳ್ಳಿಯ ಏಣಿನಲ್ಲಿ ಬಿದ್ದ ಮಳೆ ಇಬ್ಭಾಗವಾಗುತ್ತದೆ. ಒಂದು ಮಗ್ಗುಲಿನದು ಕಾವೇರಿ ಸೇರಿ ಬಂಗಾಳ ಕೊಲ್ಲಿಗೂ, ಇನ್ನೊಂದರದು ನೇತ್ರಾವತಿ ಸೇರಿ ಅರಬ್ಬೀ ಸಮುದ್ರಕ್ಕೂ ಹೋಗುತ್ತದೆ. ಜೇನುಕಲ್ಲು ಗುಡ್ಡ, ಬೆಟ್ಟದ ಭೈರವೇಶ್ವರ, ಪಾಂಡವರ ಗುಡ್ಡ, ಗುಂಡ್ಯ ಕಾಡಿನ ಒಂಬತ್ತು ಗುಡ್ಡ ಚಾರಣಿಗರಿಗೆ ಪರಿಚಿತ ಹೆಸರುಗಳು. ಪೂರ್ವದ ಆಲೂರು ತಾಲ್ಲೂಕು ಮಲೆನಾಡಿನ ಅಂಚು. ಬೆಟ್ಟಗಳು ಅಲ್ಲಿ ತಗ್ಗಿ ಕಾಫಿ ತೋಟ, ಶುಂಠಿ ಹೊಲ, ಭತ್ತದ ಗದ್ದೆ, ಹೇಮಾವತಿ ಜಲಾಶಯದ ಹಿನ್ನೀರುಗಳ ನಡುವೆ ಹರಡಿಕೊಳ್ಳುತ್ತವೆ.

ಈ ಸೀಮೆಯಲ್ಲಿ ‘ಸ್ಪೋರ್ಟ್’ ಎಂಬುದು ಒಂದು ಕಾಲಕ್ಕೆ ಬೇಟೆಯೇ ಆಗಿತ್ತು. 19ನೆಯ ಶತಮಾನದ ನಡುವಿನಲ್ಲಿ ಮಂಜರಾಬಾದಿನಲ್ಲಿ ಕಾಫಿ ಬೆಳೆಗೆ ತೊಡಗಿದ ಆರ್.ಎಚ್. ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲೇ ಚಿನ್ನ, ಕಾಫಿಗಳ ಜೊತೆ ‘ಸ್ಪೋರ್ಟ್’ ಕೂಡ ಸೇರಿದೆ. ಪ್ಲಾಂಟರುಗಳ ಕ್ಲಬ್ಬಿನಲ್ಲಿ ಟೆನಿಸ್, ಬಿಲಿಯರ್ಡ್ಸ್ ಇದ್ದವು. ಅವುಗಳಿಗೆ ಬೇಕಾದ ಸಾಮಗ್ರಿ ಹೊರಗಿನಿಂದ, ಉಳ್ಳವರಿಗಾಗಿ ಬರುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಅಧ್ಯಾಯವನ್ನು ಮುಗಿಸಿತು. ಕಾಡಿನೊಳಗೆ ಬರಿಗೈಯಲ್ಲಿ ನಡೆಯುವ, ನೋಡಿ ಸಂತೋಷಪಡುವ ಚಾರಣ ಆಮೇಲಿನ ತಲೆಮಾರುಗಳಲ್ಲಿ ಬೇರೂರಿತು.

ಇದಕ್ಕೆ ದೊಡ್ಡ ಪ್ರೇರಣೆ ಕೊಟ್ಟದ್ದು ರೈಲು ಹಳಿ. ಹಾಸನ–ಮಂಗಳೂರು ರೈಲುಮಾರ್ಗ 1979ರಲ್ಲಿ ಮೀಟರ್ ಗೇಜಿನಲ್ಲಿ ಪೂರ್ಣಗೊಂಡಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಟ್ಟದ ಹಾದಿಯಲ್ಲಿ 57 ಸುರಂಗಗಳು, 109 ಸೇತುವೆಗಳಿವೆ. 1996ರಲ್ಲಿ ಬ್ರಾಡ್‌ಗೇಜ್ ಪರಿವರ್ತನೆಗಾಗಿ ಸಂಚಾರ ನಿಂತಿತು. ಸರಕು ರೈಲು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ ಮತ್ತೆ ಓಡಿದವು. ನಡುವಿನ ವರ್ಷಗಳಲ್ಲಿ ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲುಗಳ ಮೂಲಕ ಹಳಿಗುಂಟ ನಡೆಯುವುದು ಬೆಂಗಳೂರಿನ ಚಾರಣಿಗರ ನೆಚ್ಚಿನ ‘ಹಸಿರು ಹಾದಿ’ ಆಯಿತು. ರೈಲು ಮತ್ತೆ ಬಂದ ಮೇಲೂ ನಡಿಗೆ ನಿಲ್ಲಲಿಲ್ಲ. ಹಳಿಯ ಮೇಲೆ ಅಕ್ರಮವಾಗಿ ನಡೆಯುವುದು 1989ರ ರೈಲ್ವೆ ಕಾಯ್ದೆಯಡಿ ಅಪರಾಧ. ಕಿರಿದಾದ ಸುರಂಗ, ಉದ್ದನೆಯ ಸೇತುವೆಗಳಲ್ಲಿ ರೈಲು ಎದುರಾದರೆ ಸರಿದು ನಿಲ್ಲಲು ಜಾಗ ಸಿಗುವುದು ಕಷ್ಟ. ಯಶವಂತಪುರ–ಮಂಗಳೂರು ಹಗಲು ರೈಲುಗಳಿಗೆ 2021ರ ಜುಲೈಯಲ್ಲಿ ಸೇರಿಸಿದ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಯಲ್ಲಿ ಇಂದು ಆ ಕಣಿವೆಯನ್ನು ಕಣ್ತುಂಬ ನೋಡಬಹುದು.

ಮಲೆನಾಡಿನ ಮಳೆಯಲ್ಲಿ ಸಾಮಗ್ರಿಗಳ ಪರೀಕ್ಷೆ

ಸರಣಿ ಮಳಿಗೆಯ ಸಾಮಗ್ರಿ ಇಲ್ಲಿ ಎದುರಿಸುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರನ್ನು. ಕೆಚುವಾ ಗುಡಾರಗಳನ್ನು ಪ್ರತಿ ಚದರ ಮೀಟರಿಗೆ ಗಂಟೆಗೆ 200 ಲೀಟರ್ ಕೃತಕ ಮಳೆ ಸುರಿಸಿ ಪರೀಕ್ಷಿಸಲಾಗುತ್ತದೆ. ಹೊರಗಿನ ನೀರನ್ನು ಅವು ತಡೆಯುತ್ತವೆ. ಆದರೆ ಘಟ್ಟದ ಮಳೆಗಾಲದಲ್ಲಿ ಗಾಳಿಯಲ್ಲೇ ತೇವ ತುಂಬಿರುತ್ತದೆ. ಮಲಗಿದವರ ಉಸಿರು ಒಳಗೋಡೆಯಲ್ಲಿ ಹನಿಗಟ್ಟಿ ಬೆಳಗಿನ ಹೊತ್ತಿಗೆ ಹಾಸಿಗೆ ತೊಯ್ಯುತ್ತದೆ. ಎರಡು ಪದರದ, ಗಾಳಿಕಿಂಡಿಯಿರುವ ಗುಡಾರವನ್ನೇ ಆರಿಸಬೇಕು, ಮಳೆಯಿದ್ದರೂ ಕಿಂಡಿಯನ್ನು ಮುಚ್ಚಬಾರದು ಎಂಬುದು ಇಲ್ಲಿನ ಅನುಭವಿಗಳ ಮಾತು.

ಮಳೆ ಅಂಗಿಯ ಒಳಮೈಗೆ ಪಾಲಿಯುರಿಥೇನ್ ಲೇಪವಿರುತ್ತದೆ. ತೇವದಲ್ಲಿ ಮಡಚಿಟ್ಟರೆ ಆ ಲೇಪ ರಾಸಾಯನಿಕವಾಗಿ ಒಡೆದು ಮೊದಲು ಅಂಟಂಟಾಗುತ್ತದೆ, ಆಮೇಲೆ ಹಪ್ಪಳಿಕೆ ಹಪ್ಪಳಿಕೆಯಾಗಿ ಏಳುತ್ತದೆ. ಬೂಟಿನ ಅಟ್ಟೆಯ ನೊರೆಪದರಕ್ಕೂ ಇದೇ ಗತಿ. ಎರಡು ಮಳೆಗಾಲ ಪೆಟ್ಟಿಗೆಯಲ್ಲಿ ಮಲಗಿದ್ದ ಬೂಟು ಮೂರನೆಯದರಲ್ಲಿ ಗುಡ್ಡದ ಮಧ್ಯೆ ಅಟ್ಟೆ ಕಳಚಿಕೊಳ್ಳುವುದು ಅಪರೂಪವೇನಲ್ಲ. ನೆರಳಿನಲ್ಲಿ ಪೂರಾ ಒಣಗಿಸಿ ಗಾಳಿಯಾಡುವ ಕಡೆ ಇಟ್ಟರೆ ಎರಡರ ಆಯುಸ್ಸೂ ಹೆಚ್ಚುತ್ತದೆ.

ಉಂಬಳ, ಅಂದರೆ ನೆಲದ ಜಿಗಣೆ, ಈ ಕಾಡಿನ ಇನ್ನೊಂದು ಪರೀಕ್ಷಕ. ಒದ್ದೆ ತರಗೆಲೆಯ ಮೇಲೆ ದಾರದ ಎಳೆಯಷ್ಟು ತೆಳ್ಳಗೆ ನಿಂತು, ಹೆಜ್ಜೆಯ ಸಪ್ಪಳಕ್ಕೂ ಮೈಬಿಸಿಗೂ ತಲೆಯಾಡಿಸುತ್ತದೆ. ಬೂಟಿಗಂಟಿ, ಲೇಸಿನ ಕಣ್ಣುಗಳ ಮೂಲಕ ಒಳಸೇರಿ, ಸಾಧಾರಣ ಕಾಲುಚೀಲದ ಹೆಣಿಗೆಯನ್ನೂ ದಾಟುತ್ತದೆ. ತೋಟದ ಕೆಲಸಗಾರರು ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ನೀರು, ಉಪ್ಪು ಸವರಿ ಇದನ್ನು ದೂರವಿಡುತ್ತಾರೆ. ಚಾರಣಿಗರು ಮೊಣಕಾಲವರೆಗೆ ಬರುವ ಒತ್ತು ನೇಯ್ಗೆಯ ಉಂಬಳದ ಚೀಲ ತೊಡುತ್ತಾರೆ. ನೀರು ಹೊರಗೆ ಹೋಗಲು ದಾರಿಯಿಲ್ಲದ ದುಬಾರಿ ‘ವಾಟರ್‌ಪ್ರೂಫ್’ ಬೂಟು ಹಳ್ಳ ದಾಟುವಾಗ ಒಮ್ಮೆ ತುಂಬಿಕೊಂಡರೆ ದಿನವಿಡೀ ಭಾರ. ತೋಟದವರ ಗಂಬೂಟು, ಕಂಬಳಿಕೊಪ್ಪೆಗಳ ಹಿಂದಿರುವ ನೆಲದ ತಿಳಿವಳಿಕೆ ಯಾವ ವಿನ್ಯಾಸ ಕೇಂದ್ರಕ್ಕೂ ಪಾಠವಾಗಬಲ್ಲದು. ಹಿಮಬೆಟ್ಟದ ತಪ್ಪಲಿನಲ್ಲಿ ರೂಪಿಸಿದ ವಸ್ತು ಮಳೆಕಾಡಿಗೆ ಹಾಗೆಹಾಗೇ ಒಗ್ಗುವುದಿಲ್ಲ.

ಕಾಡು, ಆನೆ ಮತ್ತು ನಿಯಮ

ಅಗ್ಗದ ಸಾಮಗ್ರಿ ಬೆಟ್ಟಕ್ಕೆ ಬರುವವರ ಸಂಖ್ಯೆಯನ್ನು ಏರಿಸಿತು. ಹೋಮ್‌ಸ್ಟೇಗಳು, ಸಾಮಾಜಿಕ ಜಾಲತಾಣಗಳು, ಚಾರಣ ಏರ್ಪಡಿಸುವ ಕಂಪನಿಗಳು ಅದಕ್ಕೆ ಇನ್ನಷ್ಟು ವೇಗ ಕೊಟ್ಟವು. ಪಶ್ಚಿಮಘಟ್ಟದ ಆಯ್ದ ತಾಣಗಳು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪುಷ್ಪಗಿರಿ ವನ್ಯಧಾಮ ಅವುಗಳಲ್ಲೊಂದು. 2024ರ ಜನವರಿ ಕೊನೆಯ ರಜಾದಿನಗಳಲ್ಲಿ, ಪುಷ್ಪಗಿರಿ ಎಂದೂ ಕರೆಯುವ ಕುಮಾರ ಪರ್ವತದ ಹಾದಿಯಲ್ಲಿ ಭಾರೀ ಜನಸಂದಣಿ ಸೇರಿತು. ಆನ್‌ಲೈನ್ ಕಾಯ್ದಿರಿಸುವಿಕೆ ಇಲ್ಲದ ಚಾರಣಪಥಗಳನ್ನು ರಾಜ್ಯ ಸರ್ಕಾರ ಆಗ ಮುಚ್ಚಿತು. ಅದೇ ವರ್ಷ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಜಾಲತಾಣ ಬಂತು. ಒಂದು ಪಥಕ್ಕೆ ದಿನಕ್ಕೆ 300 ಜನರ ಮಿತಿಯೂ ಬಂತು.

ಸಕಲೇಶಪುರ, ಆಲೂರುಗಳಲ್ಲಿ ಮಿತಿಗೆ ಇನ್ನೊಂದು ಕಾರಣವಿದೆ. ಇದು ಕಾಡಾನೆಗಳ ಸೀಮೆ. ಹೈಕೋರ್ಟ್ ರಚಿಸಿದ ಆನೆ ಕಾರ್ಯಪಡೆಯ ವರದಿ 2012ರಲ್ಲಿ ಬಂದ ಬಳಿಕ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಆದರೂ ತೋಟಗಳಲ್ಲಿ ಆನೆಗಳ ಓಡಾಟ, ಬೆಳೆಹಾನಿ, ಜೀವಹಾನಿಗಳು ಮುಗಿದಿಲ್ಲ. ಮೈಸೂರು ದಸರಾದಲ್ಲಿ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತ ಸಾಕಾನೆ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಭಾಗದಲ್ಲಿ ಕಾಡಾನೆ ಕಾರ್ಯಾಚರಣೆಯಲ್ಲಿ ಪ್ರಾಣ ತೆತ್ತಿತು. ಬೆಳಕು ಹರಿಯುವ ಮುನ್ನ, ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ನಡೆಯಲು ಇಲ್ಲಿನವರೇ ಹಿಂಜರಿಯುತ್ತಾರೆ. ಹಣೆಗೆ ಕಟ್ಟಿದ ದೀಪದ ಬಲದ ಮೇಲೆ ಸೂರ್ಯೋದಯ ನೋಡಲು ನಸುಕಿನಲ್ಲೇ ಹೊರಡುವ ತಂಡಗಳು ಈ ಹಿಂಜರಿಕೆಯ ಅರ್ಥವನ್ನು ಮೊದಲು ತಿಳಿಯಬೇಕು.

ಮಳೆಗಾಲದ ಭೂಕುಸಿತವೂ ಅಷ್ಟೇ ಗಂಭೀರ. 2018ರ ಆಗಸ್ಟಿನಲ್ಲಿ ಶಿರಾಡಿ ಘಾಟಿಯ ರಸ್ತೆ, ರೈಲು ಎರಡೂ ಕಡಿದುಹೋದವು. 2024ರ ಜುಲೈಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ರೈಲು ಸಂಚಾರ ನಿಂತಿತು.

ಊರಿನ ಆಟಗಳು ಮತ್ತು ಮಳಿಗೆ

ಬೆಟ್ಟಸೀಮೆಯ ಕ್ರೀಡೆ ಚಾರಣವೊಂದೇ ಅಲ್ಲ. ಕಾಫಿ ಕೊಯ್ಲು, ಭತ್ತದ ಒಕ್ಕಣೆ ಮುಗಿದ ಬೇಸಿಗೆಯಲ್ಲಿ ಹಳ್ಳಿಗಳಲ್ಲಿ ಹೊನಲುಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿ, ಟೆನಿಸ್ ಬಾಲ್ ಕ್ರಿಕೆಟ್ ನಡೆಯುತ್ತವೆ. ಮಳೆಗಾಲದಲ್ಲಿ ಕೆಸರುಗದ್ದೆ ಓಟ, ಹಗ್ಗಜಗ್ಗಾಟ. ಇವುಗಳ ಪೋಷಕರು ಊರಿನ ಯುವಕ ಸಂಘ, ತೋಟದ ಮಾಲೀಕರು, ಪೇಟೆಯ ಹಳೆಯ ಸ್ಪೋರ್ಟ್ಸ್ ಅಂಗಡಿಗಳು. ಬಹುಮಾನದ ಕಪ್ಪಿನ ಮೇಲೆ ಸಂಘದ ಹೆಸರು ಕೆತ್ತಿಸುವುದು, ಪಂದ್ಯದ ಹಿಂದಿನ ರಾತ್ರಿ ನೆಟ್ಟು ಬೇಕೆಂದರೆ ಬಾಗಿಲು ತೆರೆದು ಕೊಡುವುದು, ಹಣವನ್ನು ಪಂದ್ಯ ಮುಗಿದ ಮೇಲೆ ಪಡೆಯುವುದು ಆ ಅಂಗಡಿಗಳ ಸೇವೆ. ಸರಣಿ ಮಳಿಗೆ ಇದಕ್ಕೆ ಬದಲಿಯಲ್ಲ. ಆದರೆ ಓಟದ ಬೂಟು, ಈಜುಡುಗೆ, ಸೈಕಲ್ ಹೆಲ್ಮೆಟ್ಟಿನಂಥ ವೈಯಕ್ತಿಕ ಸಾಮಗ್ರಿಗೆ ಬಂದಾಗ ಹೆಣ್ಣುಮಕ್ಕಳ ಅಳತೆಯದು, ಎಳೆಯ ಮಕ್ಕಳ ಅಳತೆಯದು ಸಲೀಸಾಗಿ ಸಿಗುವಂತಾದದ್ದು ಇಂಥ ಸರಣಿಗಳಿಂದ, ಅವುಗಳ ಆನ್‌ಲೈನ್ ಮಾರಾಟದಿಂದ. ಗಂಡುಮಕ್ಕಳ ಬೂಟನ್ನೇ ಹತ್ತಿ ತುರುಕಿ ತೊಟ್ಟು ಓಡುತ್ತಿದ್ದ ಶಾಲಾ ಹುಡುಗಿಯರಿಗೆ ಇದು ಸಣ್ಣ ಬದಲಾವಣೆಯಲ್ಲ.

ಮೌಲ್ಯಮಾಪನ

ಡೆಕಾಥ್ಲಾನ್‌ನ ದೊಡ್ಡ ಸಾಧನೆ ಕ್ರೀಡೆಯ ಹೊಸ್ತಿಲನ್ನು ತಗ್ಗಿಸಿದ್ದು. ಕ್ಲಬ್ಬಿನ ಸದಸ್ಯತ್ವವಾಗಲಿ ಶಿಬಿರದ ಎರವಲಾಗಲಿ ಇಲ್ಲದ ಸಾಮಾನ್ಯ ಕುಟುಂಬವೂ ಬೆಟ್ಟಕ್ಕೆ ಸಜ್ಜಾಗಿ ಹೋಗಬಹುದೆಂಬ ಸ್ಥಿತಿ ಕರ್ನಾಟಕದಲ್ಲಿ ಬಂದದ್ದು ಹೀಗೆ. ಇದಕ್ಕೆ ಬಂಡವಾಳ ನೀತಿಯ ಬದಲಾವಣೆ, ದೇಶೀಯ ತಯಾರಿಕೆ, ಬೆಂಗಳೂರಿನ ಕೊಳ್ಳುವ ಶಕ್ತಿ ಮೂರೂ ಕಾರಣ. ಎದುರು ಮಗ್ಗುಲಲ್ಲಿ ಅಗ್ಗದ ಸಂಶ್ಲೇಷಿತ ಬಟ್ಟೆ ಬೇಗ ಕಸವಾಗುತ್ತದೆ. ಪೇಟೆಯ ಚಿಕ್ಕ ಅಂಗಡಿಗಳ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆ. ಸಾಮಗ್ರಿ ಕೊಟ್ಟಷ್ಟು ಸುಲಭವಾಗಿ ಕಾಡಿನ ತಿಳಿವಳಿಕೆಯನ್ನು ಯಾವ ಮಳಿಗೆಯೂ ಕೊಡಲಾರದು.

ಆ ತಿಳಿವಳಿಕೆ ಇರುವುದು ಹೆತ್ತೂರು, ಯಸಳೂರು, ಬಿಸಿಲೆ, ಪಾಳ್ಯ, ಕುಂದೂರುಗಳ ಜನರಲ್ಲಿ. ಆನೆ ಯಾವ ದಾರಿಯಲ್ಲಿ ಇಳಿಯುತ್ತದೆ, ಯಾವ ಹಳ್ಳ ಎಷ್ಟು ಮಳೆಗೆ ಏರುತ್ತದೆ, ಯಾವ ಮಗ್ಗುಲು ಜಾರುತ್ತದೆ ಎಂಬುದನ್ನು ಅವರು ಬಲ್ಲರು. ಊರಿನ ಯುವಕ ಯುವತಿಯರಿಗೆ ಮಾರ್ಗದರ್ಶಿ ತರಬೇತಿ ಮತ್ತು ತಕ್ಕ ಸಂಭಾವನೆ, ಮಳೆಕಾಡಿಗೆ ಒಗ್ಗುವ ಸಾಮಗ್ರಿ, ಹರಿದದ್ದನ್ನು ಹೊಲಿದು ಕೊಡುವ ದುರಸ್ತಿ ಕೇಂದ್ರ, ತಾಲ್ಲೂಕಿನ ಸರ್ಕಾರಿ ಶಾಲೆಗಳಿಗೆ ಆಟದ ಸಾಮಾನು: ಮಲೆನಾಡಿನಿಂದ ಲಾಭ ಪಡೆಯುವ ಸರಣಿಗಳು ಮತ್ತು ಅರಣ್ಯ, ಪ್ರವಾಸೋದ್ಯಮ, ಕ್ರೀಡಾ ಇಲಾಖೆಗಳು ಸೇರಿ ಮಾಡಬಹುದಾದ ಕೆಲಸಗಳಿವು. ಬೆಟ್ಟವನ್ನು ಎಲ್ಲರಿಗೂ ತೆರೆದಿಟ್ಟ ವ್ಯಾಪಾರಕ್ಕೆ ಬೆಟ್ಟವನ್ನು ಉಳಿಸುವ ಹೊಣೆಯಲ್ಲೂ ಪಾಲಿದೆ.